ಮೀನಿಗೆಂದು ಕಟ್ಟಿದ ಗೋಡೆ

ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಮೀನಿನ ಮಾತು ಎತ್ತುವಂತಿಲ್ಲ. ಎತ್ತಿದರೆ ಅವ್ವ ತಾಟು ಹಿಡಿದುಕೊಂಡು ಎದ್ದು ಒಳಗೆ ಹೋಗಿಬಿಡುತ್ತಾಳೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ ನಮ್ಮದು, ಹೊಸ್ತಿಲೊಳಗೆ ಮೊಟ್ಟೆಯೂ ಬಂದದ್ದಿಲ್ಲ. ಅಂಥ ಮನೆಯಲ್ಲಿ ಹುಟ್ಟಿ ನಾನು ಮೀನಿನ ಹುಚ್ಚು ಹಿಡಿಸಿಕೊಂಡೆ. ತಿನ್ನುವ ಹುಚ್ಚಲ್ಲ, ನೋಡುವ ಹುಚ್ಚು. ಇದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಊರಿನವರ ತಲೆಗೆ ಹೋಗಲಿಲ್ಲ. ತಿನ್ನುವವರ ಕಣ್ಣಿಗೆ ನಾನು ದಡ್ಡ, ತಿನ್ನದವರ ಕಣ್ಣಿಗೆ ಹೊಲಸು.

ಪಕ್ಕದ ಗುಡೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ವಿಡಿಯೋ ನೋಡಿ ನೋಡಿ ಮೀನಿನ ಬಗ್ಗೆ ಕಲಿತೆ. ಕಲಿಸಿದವರು ಯಾರೂ ಇಲ್ಲ. ಭಾಷೆ ಅರ್ಧ ತಿಳಿಯುತ್ತಿತ್ತು, ಅರ್ಧ ಚಿತ್ರ ನೋಡಿ ಊಹೆ ಮಾಡುತ್ತಿದ್ದೆ. ಆಮೇಲೆ ನಮ್ಮ ಹಳ್ಳಕ್ಕೆ ಹೋಗಿ ಹೊಟ್ಟೆ ಮೇಲೆ ಮಲಗಿ, ಊಹೆ ಮಾಡಿದ್ದು ಖರೆ ಇದೆಯೋ ಇಲ್ಲವೋ ನೋಡುತ್ತಿದ್ದೆ.

ಹಳ್ಳ ಅಂದರೆ ನಮ್ಮೂರ ಕೆಳಗೆ ಹರಿದು ಮಲಪ್ರಭೆಗೆ ಸೇರುವ ಹಳ್ಳ. ಬೇಸಿಗೆಯಲ್ಲಿ ಉದ್ದಕ್ಕೂ ಮರಳೇ ಕಾಣುತ್ತದೆ. ಒಂದೇ ಒಂದು ಮಡುವಿನಲ್ಲಿ ನೀರು ಉಳಿಯುತ್ತದೆ. ಇಡೀ ಹಳ್ಳದ ಮೀನು ಬೇಸಿಗೆ ಕಳೆಯುವುದು ಆ ಗುಂಡಿಯಲ್ಲೇ. ಮಳೆ ಬಂದ ಮೇಲೆ ಅಲ್ಲಿಂದಲೇ ಮೇಲಕ್ಕೂ ಕೆಳಕ್ಕೂ ಹರಡಿಕೊಳ್ಳುತ್ತವೆ. ಮಡುವಿನಲ್ಲಿ ಉಳಿದರೆ ಹಳ್ಳದಲ್ಲಿ ಉಂಟು, ಅಲ್ಲಿ ಸತ್ತರೆ ಎಲ್ಲೂ ಇಲ್ಲ. ಲೆಕ್ಕ ಅಷ್ಟೇ.

ನಾನು ಚಿಕ್ಕವನಿದ್ದಾಗ ಆ ಮಡುವಿನ ತುಂಬ ದೊಡ್ಡ ದೊಡ್ಡ ಬಂಡೆಗಳಿದ್ದವು. ಅವುಗಳ ಸಂದಿಯಲ್ಲಿ ಮೀಸೆ ಮೀನು ಹಗಲೆಲ್ಲ ಅಡಗಿ ಕೂರುತ್ತಿದ್ದವು. ಬೆರಳುದ್ದದ ಇನ್ನೊಂದು ಮೀನು ಇದೆ, ಮೈತುಂಬ ಪಟ್ಟೆ, ಕಲ್ಲು ಬಿಟ್ಟು ಆಚೆ ಬರುವುದೇ ಇಲ್ಲ. ಅದಕ್ಕೆ ನಮ್ಮೂರಲ್ಲಿ ಹೆಸರಿಲ್ಲ. ಬಾಯಿಗೆ ಬಾರದ ಮೀನಿಗೆ ಹೆಸರು ಯಾರು ಇಡುತ್ತಾರೆ? ಆಮೇಲೆ ಊರಲ್ಲಿ ಮನೆಗಳೆದ್ದವು. ಒಬ್ಬೊಬ್ಬರೂ ಟ್ರ್ಯಾಕ್ಟರ್‌ಗೆ ಸರಪಳಿ ಕಟ್ಟಿ ಬಂಡೆ ಎಳೆದುಕೊಂಡು ಹೋಗಿ ಬುನಾದಿಗೆ ಹಾಕಿಕೊಂಡರು. ನಮ್ಮ ಮನೆಯ ಬುನಾದಿಗೂ ಬಂದಿವೆ. ಮಡು ಬೋಳಾಯಿತು, ಪಾತ್ರೆ ತೊಳೆದಿಟ್ಟ ಹಾಗೆ. ಬೇಸಿಗೆಯಲ್ಲಿ ಬೆಳ್ಳಕ್ಕಿಗಳು ಬಂದು ಸಾಲಾಗಿ ನಿಂತು ಒಂದೊಂದೇ ಹೆಕ್ಕಿ ತಿನ್ನುತ್ತಿದ್ದವು. ಅಡಗಲು ಮೀನಿಗೆ ಒಂದು ಕಲ್ಲೂ ಇರಲಿಲ್ಲ.

ಕೊರೊನಾ ಕಳೆದ ಮೇಲೆ, ಕೆಲಸ ಹೋದವರ ಕೈಗೆ ಕೆಲಸ ಸಿಗಲಿ ಅಂತ ಸರ್ಕಾರ ಉತ್ತೇಜನದ ದುಡ್ಡು ಬಿಟ್ಟಿತು. ಅದರಲ್ಲಿ ಒಂದು ಪಾಲು ಹಳ್ಳಗಳಲ್ಲಿ ಮೀನಿನ ನೆಲೆ ಮತ್ತೆ ಮಾಡುವುದಕ್ಕೆ. ಈ ಸುದ್ದಿ ಓದಿದ ದಿನ ನಾನು ಅಂಗಡಿ ಬಾಗಿಲು ಹಾಕಿಕೊಂಡು ಪಂಚಾಯ್ತಿಗೆ ಓಡಿದೆ. ಬಾಗಲಕೋಟೆಯಿಂದ ಒಬ್ಬ ಅಧಿಕಾರಿ ಬಂದು ಸಭೆ ಕರೆದಾಗ ಎಲ್ಲರಿಗಿಂತ ಮುಂದೆ ಕೂತೆ.

"ಮೀನಿಗೆ ಸರ್ಕಾರ ಮನಿ ಕಟ್ಟಸ್ತೈತಂತ," ಹಿಂದಿನಿಂದ ಒಬ್ಬ ಕೂಗಿದ. "ನಮ್ಮ ಮನಿ ಪತ್ರಾಸ ಸೋರಾಕತ್ತಾವ, ಅದನ್ನ ಕೇಳೋರಿಲ್ಲ."

"ಮೀನಿಗೂ ಆಧಾರ್ ಕಾರ್ಡ್ ಬೇಕಾಕ್ಕೈತಿ, ಮೊದ್ಲ ಅದನ್ನ ಮಾಡಸ್ರಿ," ಅಂದ ಇನ್ನೊಬ್ಬ.

ನಾನು ಮಾತಾಡಲು ಎದ್ದು ನಿಂತಾಗ ನಮ್ಮ ಓಣಿಯ ಪಂಚಾಯ್ತಿ ಮೆಂಬರ್ ನನ್ನ ಕಡೆ ತಿರುಗಿದ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಎರಡರಿಂದಲೂ ಒಂದಕ್ಷರ ಬರೆದದ್ದನ್ನು ನಾನು ಕಂಡಿಲ್ಲ.

"ಲಿಂಗ ಕಟ್ಟಿದಾಂವ ನೀ ಯಾಕ ಇದರಾಗ ಬರ್ತೀಲೇ? ನಿಮ್ಮಪ್ಪಗ ಗೊತ್ತೈತೇನು?"

"ಗೊತ್ತೈತ್ರಿ. ಬೈದಾನ."

ಸಭೆಯೆಲ್ಲ ನಕ್ಕಿತು. ಅಧಿಕಾರಿ ಕೇಳಿದರು, "ನೀವು ಏನು ಓದಿದ್ದೀರಿ?"

"ಪಿಯುಸಿ ರೀ. ಆರ್ಟ್ಸ್."

"ಮೀನಿನ ಬಗ್ಗೆ?"

"ಮೊಬೈಲ್‌ನ್ಯಾಗ ರೀ."

ಆಗ ಬಿದ್ದ ನಗೆ ಇನ್ನೂ ನನ್ನ ಕಿವಿಯಲ್ಲಿದೆ. ಆದರೂ ನಾನು ಕೂರಲಿಲ್ಲ. ಮಡು, ಬಂಡೆ, ಬೆಳ್ಳಕ್ಕಿ ಎಲ್ಲ ಹೇಳಿದೆ. ಇಳಕಲ್ಲಿನ ಖಣಿಗಳ ಹೊರಗೆ ಬೇಡಾದ ಕೆಂಪು ಗ್ರಾನೈಟ್ ಕಲ್ಲು ಗುಡ್ಡದಂತೆ ಬಿದ್ದಿವೆ, ಅವನ್ನು ತಂದು ಮಡುವಿನ ಅಂಚಿಗೆ ಹಾಕಿದರೆ ಸಾಕು, ಮೀನಿಗೆ ಸಂದಿ ಸಿಗುತ್ತದೆ, ಊರಿನವರಿಗೆ ಕೂಲಿ ಸಿಗುತ್ತದೆ ಅಂದೆ. ಅಧಿಕಾರಿಗೆ ನನ್ನ ಮಾತು ಹಿಡಿಸಿತು ಅಂತಲ್ಲ. ಮಾರ್ಚ್ ಮುಗಿಯುವುದರೊಳಗೆ ಎಲ್ಲಾದರೂ ಕೆಲಸ ಮುಗಿಸಬೇಕಿತ್ತು, ನಮ್ಮ ಮಡುವಿಗೆ ಲಾರಿ ಇಳಿಯುವ ದಾರಿ ಇತ್ತು. ಸರಿ, ಅಲ್ಲೇ ಮಾಡೋಣ ಅಂದರು.

ಕೆಲಸದ ಮುಂದಾಳತ್ವ ಹೋದದ್ದು ನನ್ನ ಮಾಮಾನಿಗೆ, ಅಂದರೆ ಅವ್ವನ ತಮ್ಮನಿಗೆ. ಮಾಮಾ ಖಣಿಯಲ್ಲಿ ಕಲ್ಲು ಸೀಳುತ್ತಿದ್ದವನು, ಆಮೇಲೆ ಮೇಸ್ತ್ರಿ ಆದವನು. ಕೊರೊನಾ ಬಂದ ಮೇಲೆ ಕೆಲಸವಿಲ್ಲದೆ ಕಟ್ಟೆ ಹಿಡಿದು ಕೂತಿದ್ದ. ಸಿಮೆಂಟ್ ಮುಟ್ಟದೆ ಬರೀ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟುವುದರಲ್ಲಿ ಹುನಗುಂದ, ಬಾದಾಮಿ ಎರಡೂ ಕಡೆ ಅವನ ಹೆಸರು ಓಡುತ್ತಿತ್ತು. ನಮ್ಮ ಕಡೆ ಮೇಸ್ತ್ರಿಗಳಲ್ಲಿ ಒಂದು ಚಾಳಿ ಇದೆ. ಯಾರಾದರೂ ಹೊಸ ಗೋಡೆ ಕಟ್ಟಿದರೆ ಉಳಿದವರು ಬಂದು ಜೋಳದ ಒಣ ಎಲೆಯೊಂದನ್ನು ಕಲ್ಲುಗಳ ನಡುವೆ ತುರುಕಿ ನೋಡುತ್ತಾರೆ. ಎಲೆ ಒಳಗೆ ಹೋಯಿತೋ, ಕಟ್ಟಿದವನ ಮಾನ ಹೋಯಿತು. ಚಹಾದಂಗಡಿಯಲ್ಲಿ ಅವನನ್ನು ನೋಡಿ ನಗುತ್ತಾರೆ, ಕೆಲಸಕ್ಕೆ ಕರೆಯುವಾಗ ಹಿಂದುಮುಂದು ನೋಡುತ್ತಾರೆ. ಮಾಮಾ ಕಟ್ಟಿದ ಗೋಡೆಯಲ್ಲಿ ಎಲೆ ಹೋದದ್ದಿಲ್ಲ.

ಮೊದಲ ಟಿಪ್ಪರ್ ಕಲ್ಲು ಬಂದ ದಿನ ನಾನು ಮಡುವಿಗೆ ಹೋದೆ.

"ಮಾಮಾ, ಜೋಡಿಸಬ್ಯಾಡ. ಸುಮ್ನ ಚೆಲ್ಲು."

"ಏನಂದಿ?"

"ಟಿಪ್ಪರ್‌ನಿಂದ ಬಿದ್ದಂಗ ಇರ್ಲಿ. ನಡುವ ಸಂದಿ ಇರಬೇಕು, ಕೈ ಹೋಗುವಷ್ಟು. ಮೀನ ಒಳಗ ಕುಂದ್ರಬೇಕಲಾ."

"ಚೆಲ್ಲಾಕ ನಾ ಯಾಕ ಬೇಕಲೇ? ಜೆಸಿಬಿ ತರಸು."

"ಜೆಸಿಬಿ ತಂದ್ರ ಮಂದಿಗೆ ಕೂಲಿ ಎಲ್ಲಿ ಸಿಗ್ತೈತಿ? ಈ ಯೋಜನೆ ಇರೂದ ಮಂದಿ ಕೈಗೆ ಕೆಲಸ ಕೊಡಾಕ."

"ಅಂದ್ರ ಕೂಲಿ ಕೊಟ್ಟು ಕಲ್ಲು ಚೆಲ್ಲಸ್ತೀರಿ." ಮಾಮಾ ಸುತ್ತ ನಿಂತವರ ಕಡೆ ನೋಡಿದ. "ಮ್ಯಾಲಿನ ದಾರ್ಯಾಗ ಹೋಗಾವ್ರು ಏನಂತಾರ? ಇಂವನ ಕೈ ಸೋತು, ಕಲ್ಲು ಕುಂದ್ರಸಾಕ ಬರವಲ್ತು ಅಂತಾರ."

"ಮೀನಿಗೆ ಅದ ಬೇಕ ಮಾಮಾ."

"ಮೀನ ಬಂದು ನಿನ್ನ ಮುಂದ ಹೇಳ್ಯಾವೇನು?"

ಆಳುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೀನಿನ ವಕೀಲ ಬಂದಾನ, ಕುರ್ಚಿ ಹಾಕ್ರಿ," ಅಂದ ಒಬ್ಬ. ನಾನು ಬಿಡಲಿಲ್ಲ. ನಾಲ್ಕು ಕಲ್ಲು ಎತ್ತಿ ಒಂದರ ಮೇಲೊಂದು ಅಡ್ಡಾದಿಡ್ಡಿ ಇಟ್ಟು, ನಡುವೆ ಕೈ ತೂರಿಸಿ ತೋರಿಸಿದೆ. ಮಾಮಾ ಅದನ್ನು ಕಾಲಿನಿಂದ ಒಂದು ಸಲ ಒದ್ದ. ಕಲ್ಲು ಉರುಳಿ ಬಿದ್ದವು.

"ಇದಕ್ಕ ಕಟ್ಟೂದು ಅಂತಾರೇನೋ? ಆತೇಳು, ನೋಡ್ತೀನಿ. ನೀ ಅಂಗಡಿಗೆ ಹೋಗು."

ನೋಡ್ತೀನಿ ಅಂದದ್ದನ್ನು ನಾನು ಒಪ್ಪಿಗೆ ಅಂತ ತಿಳಿದೆ. ಮೆಂಬರ್ ಬೇರೆ, ನೀನು ಬಂದರೆ ಆಳುಗಳು ಕೆಲಸ ಬಿಟ್ಟು ನಗುತ್ತ ಕೂರುತ್ತಾರೆ, ಇತ್ತ ಸುಳಿಯಬೇಡ ಅಂದ. ಕೆಲಸ ಮುಗಿಯುವವರೆಗೆ ನಾನು ಮಡುವಿನ ಕಡೆ ಹೋಗಲಿಲ್ಲ.

ಪೂಜೆಯ ದಿನ ಹೋದೆ. ಮಡುವಿನ ಅರ್ಧ ಸುತ್ತು, ನೀರಿನ ತಳದಿಂದ ಎದೆಮಟ್ಟದವರೆಗೆ ಕೆಂಪು ಗೋಡೆ ಎದ್ದಿತ್ತು. ಒಂದೊಂದು ಕಲ್ಲಿನ ಮುಖವನ್ನೂ ಚಾಣ ಹಿಡಿದು ಸಮ ಮಾಡಿದ್ದರು. ಎರಡು ಕಲ್ಲು ಕೂಡುವಲ್ಲಿ ಚೂರು ಜಾಗ ಉಳಿದರೂ ಅದಕ್ಕೆ ತಕ್ಕ ಚಕ್ಕೆ ಕೆತ್ತಿ, ಸುತ್ತಿಗೆಯಿಂದ ಬಡಿದು ತುಂಬಿದ್ದರು. ನೀರಿನೊಳಗಿನ ಭಾಗವನ್ನೂ ಬಿಟ್ಟಿರಲಿಲ್ಲ. ಚಂದ ಇತ್ತು, ಸುಳ್ಳು ಯಾಕೆ ಹೇಳಲಿ. ಆ ಚಂದದೊಳಗೆ ಬೆರಳು ತೂರಿಸಲೂ ಒಂದು ಸಂದಿ ಇರಲಿಲ್ಲ.

ಮೆಂಬರ್ ಕಾಯಿ ಒಡೆದ. ಮೀನಿನ ಕೆಲಸಕ್ಕೆ ಪೇಢೆ ಹಂಚಿದರು. ಆಮೇಲೆ ಮೆಂಬರ್ ಯಾರದೋ ಹೊಲದಿಂದ ಜೋಳದ ಒಣ ಎಲೆ ತರಿಸಿದ. ಅಧಿಕಾರಿಯ ಮುಂದೆ ಅದನ್ನು ಕಲ್ಲುಗಳ ನಡುವೆ ಅಲ್ಲಿ ಇಲ್ಲಿ ತುರುಕಿ ನೋಡಿದ. ಎಲೆ ಮಡಚಿತು, ಮುರಿಯಿತು, ಒಳಗೆ ಮಾತ್ರ ಹೋಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಮಾ ತಲೆ ತಗ್ಗಿಸಿ ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಖುಷಿಯಾದಾಗ ಅವನು ಹಾಗೇ ಮಾಡುವುದು.

ನನಗೆ ತಡೆಯಲಾಗಲಿಲ್ಲ.

"ಎಲಿನ ಹೋಗೂದಿಲ್ಲಂದ್ರ ಮೀನ ಎಲ್ಲಿ ಹೊಕ್ಕಾವ್ರೀ?"

ಚಪ್ಪಾಳೆ ನಿಂತಿತು. "ಮೀನ ನೀರಾಗ ಇರ್ತಾವಲೇ, ಗೋಡ್ಯಾಗ ಯಾಕ ಹೊಕ್ಕಾವು?" ಅಂದ ಮೆಂಬರ್.

"ಹಂಗಾರ ಈ ಗೋಡಿ ಯಾಕ ಬೇಕಿತ್ರೀ?"

ಅಧಿಕಾರಿ ಮೊಬೈಲ್ ಎತ್ತಿ ಹಿಡಿದು, "ಚೆನ್ನಾಗಿ ಬಂದಿದೆ ಬಿಡಿ, ಸ್ವಲ್ಪ ಈ ಕಡೆ ಸರೀರಿ, ಫೋಟೋದಲ್ಲಿ ಅಡ್ಡ ಬರ್ತಿದ್ದೀರಿ," ಅಂದರು. ಫೋಟೋದಲ್ಲಿ ಮೀನು ಬರುವುದಿಲ್ಲ, ಗೋಡೆ ಬರುತ್ತದೆ. ಅವರಿಗೆ ಅಷ್ಟು ಸಾಕಿತ್ತು. ನಾನು ಮಾಮಾನ ಎದುರಿಗೆ ಹೋಗಿ ನಿಂತೆ.

"ಮಾಮಾ, ನೀ ಮೀನಿಗೆ ಮನಿ ಕಟ್ಟಿಲ್ಲ. ಗೋರಿ ಕಟ್ಟೀ."

ಮಾಮಾ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಪೇಢೆ ತಿಂದವರೆಲ್ಲ ನನ್ನನ್ನು ದುರುಗುಟ್ಟಿ ನೋಡಿದರು. ನಾನು ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು.

"ಮಂದ್ಯಾಗ ನನ್ನ ತಮ್ಮನ ಮಾರಿಗೆ ಉಗುಳಿ ಬಂದೀಯಲ್ಲೋ," ಅಂದಳು ಅವ್ವ. "ಒಂದೂವರಿ ವರ್ಷ ಕೆಲಸಿಲ್ದ ಕುಂತಿದ್ದ. ಇವತ್ತ ನಾಕ ಮಂದಿ ಶಹಬ್ಬಾಸ್ ಅಂದಿದ್ರು. ಅದನ್ನೂ ತಿಂದಿ."

"ಅವ್ವಾ, ಮೀನ..."

"ಮತ್ತೊಮ್ಮೆ ಆ ಸುಡಗಾಡ ಮೀನಿನ ಹೆಸರ ತಗದ್ರ ನೋಡು."

ಅಂದಿನಿಂದ ಅವಳು ನನಗೆ ರೊಟ್ಟಿ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಅಪ್ಪನಂತೂ ಮೊದಲಿನಿಂದಲೂ ಬೈಯುವುದಕ್ಕೆ ಬಿಟ್ಟರೆ ನನ್ನ ಜೊತೆ ಬಾಯಿ ಬಿಡುವವನಲ್ಲ.

ಬಿಸಿಲು ಏರಿತು. ಹಳ್ಳ ಬತ್ತಿ ಮೀನೆಲ್ಲ ಮಡುವಿಗೆ ಸರಿದು ಬಂದವು. ನಾನು ದಿನಾ ಅಂಗಡಿ ತೆಗೆಯುವ ಮುಂಚೆ ಹೋಗಿ ನೋಡುತ್ತಿದ್ದೆ. ನೋಡಬಾರದಿತ್ತು. ಆ ಪಟ್ಟೆ ಮೀನುಗಳು ಗೋಡೆಯ ಬುಡಕ್ಕೆ ಬಂದು ಮೂತಿ ಹಚ್ಚಿ ಸಂದಿ ಹುಡುಕುತ್ತಿದ್ದವು. ಒಂದು ಕಲ್ಲು ಮುಗಿದ ಮೇಲೆ ಇನ್ನೊಂದು, ಅದು ಮುಗಿದ ಮೇಲೆ ಮತ್ತೊಂದು, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ. ತುದಿ ಮುಟ್ಟಿ ತಿರುಗಿ ಬರುತ್ತಿದ್ದವು. ಮೊದಲಾದರೆ ಬೋಳು ಮಡುವಿನ ಅಂಚಿನಲ್ಲಿ ಒಂದಷ್ಟು ಬೇರು, ಒಂದಷ್ಟು ಮಣ್ಣಿನ ಬಿಲವಾದರೂ ಇದ್ದವು. ಈಗ ಅದನ್ನೂ ಗೋಡೆ ಮುಚ್ಚಿತ್ತು. ಬೆಳ್ಳಕ್ಕಿಗಳು ಗೋಡೆಯ ಮೇಲೆಯೇ ಕೂತು ಬಗ್ಗಿ ಹೆಕ್ಕುತ್ತಿದ್ದವು. ಸರ್ಕಾರ ಅವಕ್ಕೆ ಕಟ್ಟೆ ಕಟ್ಟಿಸಿಕೊಟ್ಟ ಹಾಗಾಗಿತ್ತು.

ಅಧಿಕಾರಿಗೆ ಫೋನ್ ಮಾಡಿದೆ. ಕೆಲವು ಕಲ್ಲು ತೆಗೆಸಿ ಸಾರ್, ನಾನೇ ತೆಗೆಯುತ್ತೇನೆ, ಪುಕ್ಕಟೆ ತೆಗೆಯುತ್ತೇನೆ ಅಂದೆ.

"ಮುಗಿದ ಕೆಲಸ ರೀ ಅದು, ಬದಲಾಯಿಸೋಕೆ ಬರಲ್ಲ. ಕೊನೇ ತಪಾಸಣೆಗೆ ಬರ್ತೀನಿ, ಅಲ್ಲಿವರೆಗೂ ಗೋಡೆ ಮುಟ್ಟಬೇಡಿ. ಮುಟ್ಟಿದ್ರೆ ನಿಮ್ಮ ಹಳ್ಳಕ್ಕೆ ಮುಂದಿನ ಕೆಲಸ ಸಿಗಲ್ಲ."

"ಅಷ್ಟರಾಗ ಮೀನ ಮುಗೀತಾವ್ರೀ."

"ಮೀನು ಮಳೆಗಾಲದಲ್ಲಿ ಮತ್ತೆ ಬರ್ತಾವಲ್ಲ."

ಎಲ್ಲಿಂದ ಬರುತ್ತವೆ? ಆಕಾಶದಿಂದಲೇ? ಇಂಥವರ ಕೈಗೆ ಮೀನಿನ ದುಡ್ಡು ಕೊಟ್ಟಿದ್ದಾರಲ್ಲ ಅಂತ ಫೋನ್ ಇಟ್ಟ ಮೇಲೆ ಅಂಗಡಿಯಲ್ಲಿ ಒಬ್ಬನೇ ಕೂತು ಬೈದೆ. ಬೈದರೆ ಮೀನಿಗೆ ಸಂದಿ ಆಗುವುದಿಲ್ಲ. ಮಾರನೇ ದಿನ ಮನೆಯ ಹಾರೆ ಹೆಗಲ ಮೇಲೆ ಹಾಕಿಕೊಂಡು ಮಡುವಿಗೆ ಹೋದೆ.

ಕಲ್ಲು ಕೀಳುವುದು ಸುಲಭ ಅಂತ ತಿಳಿದಿದ್ದೆ. ಆ ಗೋಡೆ ಅಲ್ಲಾಡಲೇ ಇಲ್ಲ. ಹಾರೆಯ ಮೊನೆ ಇಡಲು ಜಾಗವಿರಲಿಲ್ಲ, ಇಟ್ಟರೆ ಜಾರುತ್ತಿತ್ತು. ಸಿಟ್ಟಿನಿಂದ ಗುದ್ದಿದೆ. ಕಲ್ಲಿನ ಅಂಚು ಸಿಡಿದು ಸಮ ಮಾಡಿದ ಮುಖದ ಮೇಲೆ ಬಿಳಿ ಗಾಯಗಳಾದವು. ಅಂಗೈ ಸುಲಿಯಿತು. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಮೇಲಿನ ಸಾಲಿನ ಕೆಲವು ಚಕ್ಕೆಗಳು ಬಿದ್ದಿದ್ದವು, ಅಷ್ಟೇ. ನೀರಿನೊಳಗಿನ ಕಲ್ಲು ಒಂದೂ ಕದಲಿರಲಿಲ್ಲ. ಬಟ್ಟೆ ಒಗೆಯಲು ಬಂದಿದ್ದ ಹೆಂಗಸೊಬ್ಬಳು ಊರಿಗೆ ಓಡಿಹೋಗಿ ಹೇಳಿದಳು.

ಮೆಂಬರ್ ಬಂದ, ಹಿಂದೆ ಐದಾರು ಆಳುಗಳು, ಅವರ ಹಿಂದೆ ಮಾಮಾ.

"ಸರ್ಕಾರಿ ಕೆಲಸ ಕೆಡವ್ತೀಯೇನಲೇ ಹಲ್ಕಟ್?" ಮೆಂಬರ್ ದಡದ ಮೇಲಿಂದಲೇ ಅರಚಿದ. "ಪೊಲೀಸ್‌ಗೆ ಹೇಳ್ತೀನಿ. ನಿನ್ನ ಅಂಗಡಿ ಬಾಗಲಾ ಹಾಕಸ್ತೀನಿ."

"ಹಾಕಸ್ರಿ. ಅದಕ್ಕಾದ್ರೂ ಸಂದಿ ಬಿಡಸ್ರಿ, ಗಾಳಿ ಆಡ್ಲಿ."

"ಮುಂದಿನ ಕೆಲಸ ಹ್ವಾದ್ರ ನಮ್ಮ ಹೊಟ್ಟಿಗೆ ಏನ ಮೀನ ಹಾಕ್ತೀಯೇನು?" ಅಂದ ಒಬ್ಬ ಆಳು. ಅವನ ಮಾತು ಖರೆ ಇತ್ತು. ಆದರೂ ನಾನು ಹಾರೆ ಕೆಳಗಿಡಲಿಲ್ಲ.

ಮಾಮಾ ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಗೋಡೆಯ ಹತ್ತಿರ ಬಂದು ನಾನು ಗುದ್ದಿದ ಕಲ್ಲುಗಳ ಮೇಲೆ ಕೈಯಾಡಿಸಿದ. ಗಾಯವಾದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಿದ. ಮುಖ ಕಪ್ಪಿಟ್ಟಿತು. ತಟ್ಟನೆ ನನ್ನ ಕೈಯಿಂದ ಹಾರೆ ಕಸಿದುಕೊಂಡ. ತಲೆಗೆ ಹಾಕುತ್ತಾನೆ ಅಂತ ನಾನು ಕೈ ಅಡ್ಡ ಹಿಡಿದೆ.

"ಕೆಡವಾಕೂ ಬರೂದಿಲ್ಲಲ್ಲೋ ನಿನಗ," ಅಂದ. "ಕೋಣಾ ಹೊಲ ಹೊಕ್ಕಂಗ ಮಾಡೀಯಲ್ಲೋ."

"ನೀ ಸಂದಿ ಬಿಟ್ಟಿದ್ರ ನಾ ಯಾಕ ಬರ್ತಿದ್ದೆ?"

"ಬಾಯಿ ಮುಚ್ಚು. ಸರಿ ಅತ್ಲಾಗ."

ಧೋತರ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದ. ಬುಡದಲ್ಲಿ ಕೈಯಿಂದ ತಡಕುತ್ತ ಹೋಗಿ ಒಂದು ಕಡೆ ನಿಂತು, ಹಾರೆ ಇಟ್ಟು, ಎದೆಕೊಟ್ಟು ಒತ್ತಿದ. ಮೊದಲು ಏನೂ ಆಗಲಿಲ್ಲ. ಆಮೇಲೆ ಒಳಗಿನಿಂದ ಹಲ್ಲು ಕಡಿದ ಹಾಗೆ ಸದ್ದು ಬಂತು. ಮಾಮಾ ಹಿಂದಕ್ಕೆ ಹಾರಿದ. ಗೋಡೆಯ ಅರ್ಧ ಭಾಗ ಹೊಟ್ಟೆ ಉಬ್ಬಿಸಿ, ಮುಂದಕ್ಕೆ ಬಾಗಿ, ದಬದಬ ನೀರಿಗೆ ಬಿತ್ತು. ನಮ್ಮ ಮೈಮೇಲೆಲ್ಲ ರಾಡಿ ಹಾರಿತು. ಮೆಂಬರ್‌ನ ಬಿಳಿ ಅಂಗಿಗೂ ಹಾರಿತು, ಅದೊಂದು ಸಮಾಧಾನ.

"ಏ ಏನ್ ಮಾಡ್ದಿಪಾ ನೀ?" ಮೆಂಬರ್ ಕೂಗಿದ.

"ನಾ ಕಟ್ಟಿದ್ದು, ನಾ ಕೆಡವೀನಿ. ಪೊಲೀಸ್‌ಗೆ ಹೇಳಾವಿದ್ರ ನನ್ನ ಹೆಸರ ಹೇಳು." ಮಾಮಾ ನೀರಿನಿಂದ ಮೇಲೆ ಬಂದ. ಉಸಿರು ಜೋರಾಗಿ ಹತ್ತಿತ್ತು. ಹಾರೆಯನ್ನು ನನ್ನ ಕಾಲ ಬುಡಕ್ಕೆ ಬಿಸಾಡಿದ. "ಉಳದಿದ್ದಕ್ಕ ಕೈ ಹಚ್ಚೀ ಅಂದ್ರ ಕೈ ಮುರೀತೀನಿ. ಇನ್ನ ನನ್ನ ಮನಿ ಹೊಸ್ತಲಾ ತುಳೀಬ್ಯಾಡ ನೀ."

ಮೀನಿಗಾಗಿ ಅವನು ಕೆಡವಿದ ಅಂತ ನಾನು ಎಲ್ಲೂ ಹೇಳುವುದಿಲ್ಲ. ಅವನಿಗೆ ಮೀನು ಸತ್ತರೂ ಅಷ್ಟೇ, ಬದುಕಿದರೂ ಅಷ್ಟೇ. ತನ್ನ ಕೈಯ ಕೆಲಸ ನನ್ನಂಥವನ ಕೈಯಲ್ಲಿ ಹೀಗೆ ಚಿಂದಿಯಾಗುವುದನ್ನು ನೋಡಲಾಗಲಿಲ್ಲ. ನಾನೂ ಅವನಿಗೆ ಉಪಕಾರವಾಯಿತು ಅನ್ನಲಿಲ್ಲ. ಅನ್ನುವ ಮನಸ್ಸಿರಲಿಲ್ಲ.

ಅಧಿಕಾರಿ ತಪಾಸಣೆಗೆ ಬಂದಾಗ ಮೆಂಬರ್, "ಹಳ್ಳ ಬಂದು ಕೆಡವೇತ್ರಿ," ಅಂದ. ಹಳ್ಳ ಇನ್ನೂ ಬಂದೇ ಇರಲಿಲ್ಲ, ಸುತ್ತ ಮರಳು ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಅಧಿಕಾರಿ ಹೂಂ ಅಂದು, ನಿಂತಿದ್ದ ಅರ್ಧ ಗೋಡೆಯ ಫೋಟೋ ತೆಗೆದುಕೊಂಡು ಹೋದರು. ಮುಂದಿನ ಕೆಲಸ ಬೇರೆ ಊರಿಗೆ ಹೋಯಿತು. ಅದರ ಪಾಪ ನನ್ನ ತಲೆಗೆ ಬಂತು. ಕೆಲವರು ರಿಪೇರಿಗೆ ಗುಡೂರು ದಾಟಿ ಇಳಕಲ್ಲಿಗೆ ಹೋಗತೊಡಗಿದರು, ನನ್ನ ಅಂಗಡಿಯ ಮುಂದಿನಿಂದಲೇ, ನಾನು ನೋಡಲಿ ಅಂತ. ಒಗೆಯುವ ಹೆಂಗಸರು ಬಟ್ಟೆ ಬಡಿಯುತ್ತ ನನ್ನನ್ನೂ ಮಾಮಾನನ್ನೂ ಕೂಡಿಸಿ ಶಪಿಸಿದರು, ಕೂತು ಒಗೆಯುವ ಚಲೋ ಕಟ್ಟೆ ಹೋಯಿತಂತೆ. ಮಾಮಾನ ಮಗಳ ಸೀಮಂತಕ್ಕೆ ಅವ್ವ, ಅಪ್ಪ ಹೋದರು, ನನ್ನನ್ನು ಯಾರೂ ಕರೆಯಲಿಲ್ಲ.

ಮಳೆ ಬಂದು ಹೋಗಿ ನೀರು ತಿಳಿಯಾದ ಮೇಲೆ ಒಂದು ಮುಂಜಾನೆ ಬಿದ್ದ ಕಲ್ಲುಗಳ ಮೇಲೆ ಹೊಟ್ಟೆಯಿಟ್ಟು ಮಲಗಿದ್ದೆ. ಎರಡು ಕೆಂಪು ಕಲ್ಲುಗಳ ನಡುವೆ ಕತ್ತಲು. ಬಹಳ ಹೊತ್ತಿನ ಮೇಲೆ ಆ ಕತ್ತಲಿನಿಂದ ಪಟ್ಟೆ ಮೀನಿನ ತಲೆ ಹೊರಗೆ ಬಂತು. ಹಿಂದೆ ಇನ್ನೊಂದು. ಅವುಗಳ ಸುತ್ತ ಜೀರಿಗೆಯಷ್ಟೇ ದಪ್ಪನೆಯ ಮರಿಗಳು ಕಲ್ಲಿಗೆ ಅಂಟಿಕೊಂಡು ಅಲ್ಲಾಡುತ್ತಿದ್ದವು.

ಅಷ್ಟರಲ್ಲಿ ಮೇಲಿನ ದಾರಿಯಲ್ಲಿ ಒಂದು ಬೈಕ್ ನಿಂತ ಸದ್ದಾಯಿತು.

"ಯಾರ್ ಕಟ್ಟಿದ್ದಪಾ ಈ ಗೋಡಿ? ಭಾರಿ ಐತಲಾ," ಅಂದ ಒಬ್ಬ ಹೊರಗಿನವನು.

"ಆ ಕಡೀದು ನಂದು." ಮಾಮಾನ ದನಿ, ನನಗೆ ಕೇಳಲಿ ಅಂತಲೇ ಜೋರಾಗಿ. "ಈ ಹಾಳ ಬಿದ್ದಿದ್ದೈತಲಾ, ಇದು ಅಲ್ಲಿ ಬಕ್ಕಬಾರ್ಲ ಬಿದ್ದಾನ ನೋಡು, ಆ ಹುಚ್ಚಂದು."

ಬಾಯಿಗೆ ಉತ್ತರ ಬಂದಿತ್ತು, ಒಂದಲ್ಲ, ನಾಲ್ಕು. ಆದರೆ ನಾನು ತಲೆ ಎತ್ತಿದರೆ ನೆರಳು ಸರಿಯುತ್ತದೆ, ನೆರಳು ಸರಿದರೆ ಅವು ಒಳಗೆ ಓಡಿಬಿಡುತ್ತವೆ. ಬೈಕ್ ಮತ್ತೆ ಶುರುವಾಗಿ ಕೆರೂರಿನ ಕಡೆ ದೂರವಾಗುವವರೆಗೆ ನಾನು ಅಲ್ಲಾಡದೆ ಮಲಗಿದ್ದೆ.